ಕಣಜ, ಗೋಪುರ, ಬಾವಿ: ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಆರು ದಿನ

ನನ್ನ ತಂಗಿ ಸ್ವಿಂಡನ್ ಊರಿನಲ್ಲಿ ಮನೆ ಮಾಡಿ ಹತ್ತು ವರ್ಷದ ಮೇಲಾಯಿತು. ಫೋನ್ ಮಾಡಿದಾಗೆಲ್ಲ "ಅಕ್ಕ, ಯಾವಾಗ ಬರ್ತೀಯ?" ಅನ್ನುತ್ತಿದ್ದಳು. ಈ ಜೂನ್‌ನಲ್ಲಿ ಕೊನೆಗೂ ಹೋದೆ. ಲಂಡನ್ ಬೇಡ, ಹಳ್ಳಿ ಕಡೆ ಇರುವ ಹಳೇ ಕಟ್ಟಡ ತೋರಿಸು ಅಂತ ಮೊದಲೇ ಹೇಳಿದ್ದೆ. ಅವಳು ಆಫೀಸಿಗೆ ಒಂದು ವಾರ ರಜೆ ಹಾಕಿದಳು.

ಈ ಹುಚ್ಚು ನನಗೆ ಬಂದಿದ್ದು ನಮ್ಮ ಅಜ್ಜನಿಂದ. ಅರಕಲಗೂಡು ಕಡೆ ಗಾರೆ ಮೇಸ್ತ್ರಿ ಆಗಿದ್ದವರು. ಸುಣ್ಣ, ಮರಳು ಹಾಕಿ ಗಾಣದಲ್ಲಿ ಅರೆಸಿ, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಗಾರೆ ಹದ ಮಾಡುತ್ತಿದ್ದರು. ಯಾವ ಊರಿಗೆ ಕರೆದುಕೊಂಡು ಹೋದರೂ, ದೇವಸ್ಥಾನಕ್ಕೇ ಹೋದರೂ, ಮೊದಲು ಗೋಡೆ ಮುಟ್ಟಿ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ ಸೂರು ನೋಡುತ್ತಿದ್ದರು. "ಗೋಡೆಗೆ ವಯಸ್ಸಾಗಲ್ಲ ಕಣಮ್ಮ, ಸೂರು ಸೋರಿದಾಗ ಸಾಯುತ್ತೆ" ಅನ್ನುವುದು ಅವರ ಮಾತು. ಈ ಆರು ದಿನವೂ ಆ ಮಾತು ಕಿವಿಯಲ್ಲೇ ಇತ್ತು.

ಸೋಮವಾರ: ಲೇಕಾಕ್, ಬ್ರಾಡ್‌ಫರ್ಡ್ ಆನ್ ಏವನ್

ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ಲೇಕಾಕ್‌ಗೆ ಮುಕ್ಕಾಲು ಗಂಟೆ ದಾರಿ. ಊರು ಅಂದರೆ ನಾಲ್ಕೇ ಬೀದಿ, ಚೌಕವಾಗಿ ಕೂಡಿಕೊಂಡಿವೆ. ಮನೆಗಳ ಮೇಲೆ ಟಿವಿ ಆಂಟೆನಾ ಇಲ್ಲ, ಬೀದಿಯಲ್ಲಿ ಕರೆಂಟ್ ತಂತಿ ನೇತಾಡುವುದಿಲ್ಲ. ಹಾಗಂತ ಇದು ಬರೀ ತೋರಿಸುವುದಕ್ಕೆ ಇಟ್ಟ ಊರಲ್ಲ. ಜನ ಬಾಡಿಗೆಗೆ ವಾಸವಿದ್ದಾರೆ. ಒಬ್ಬ ಅಜ್ಜಿ ಬಾಗಿಲ ಮುಂದೆ ಗುಡಿಸುತ್ತಿದ್ದರು. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಎಂಬ ಮಹಿಳೆ ಈ ಹಳ್ಳಿಯನ್ನೂ, ಪಕ್ಕದ ಲೇಕಾಕ್ ಅಬ್ಬೆಯನ್ನೂ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಕೊಟ್ಟುಬಿಟ್ಟರು. ಅಂದಿನಿಂದ ಊರಿನ ಹೆಚ್ಚುಕಡಿಮೆ ಎಲ್ಲಾ ಮನೆಗಳಿಗೂ ಟ್ರಸ್ಟೇ ಮಾಲೀಕ.

ಅಬ್ಬೆ ಅಂದರೆ ಕ್ರೈಸ್ತ ಮಠ. ಇದು ಸನ್ಯಾಸಿನಿಯರದ್ದು. 1232ರಲ್ಲಿ ಸಾಲ್ಸ್‌ಬರಿಯ ಕೌಂಟೆಸ್ ಈಲಾ ಗಂಡ ತೀರಿಕೊಂಡ ಮೇಲೆ ಕಟ್ಟಿಸಿದಳು. ಆಮೇಲೆ ತಾನೇ ಸನ್ಯಾಸಿನಿಯಾಗಿ ಬಂದು ಮಠದ ಮುಖ್ಯಸ್ಥೆಯಾದಳು. ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ ಇದೂ 1539ರಲ್ಲಿ ಮುಚ್ಚಿತು. ಕೊಂಡುಕೊಂಡ ವಿಲಿಯಂ ಶ್ಯಾರಿಂಗ್ಟನ್ ಚರ್ಚನ್ನು ಕೆಡವಿದ. ಒಳಾಂಗಳದ ಸುತ್ತಿನ ಕಲ್ಲಿನ ಪಡಸಾಲೆಯನ್ನು ಹಾಗೇ ಬಿಟ್ಟು ಮೇಲೆ ಮನೆ ಮಾಡಿಕೊಂಡ. ಆ ಪಡಸಾಲೆಯಲ್ಲಿ ನಡೆದರೆ ತೊಟ್ಟಿಮನೆಯ ಜಗಲಿ ಸುತ್ತಿದ ಹಾಗೆ ಆಗುತ್ತದೆ. ನಡುವೆ ಆಕಾಶ, ಸುತ್ತ ನೆರಳು. ಒಂದು ಕೋಣೆಯಲ್ಲಿ 1500ರಲ್ಲಿ ಎರಕ ಹೊಯ್ದ ದೊಡ್ಡ ಕೊಪ್ಪರಿಗೆ ಇದೆ. ನಮ್ಮ ಕಡೆ ಮದುವೆಗೆ ಅನ್ನ ಬೇಯಿಸುವಷ್ಟು ದೊಡ್ಡದು.

ಆದರೆ ಜನ ಇಲ್ಲಿಗೆ ಬರುವುದು ಒಂದು ಕಿಟಕಿ ನೋಡುವುದಕ್ಕೆ. ಮಟಿಲ್ಡಾ ಅವರ ಅಜ್ಜ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ಪುಟ್ಟ ಮರದ ಪೆಟ್ಟಿಗೆ ಕ್ಯಾಮೆರಾದಲ್ಲಿ ಈ ಕಿಟಕಿಯ ಚಿತ್ರ ಹಿಡಿದ. ಈಗ ಉಳಿದಿರುವ ಫೋಟೋ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಅಂಚೆಚೀಟಿಯಷ್ಟು ಅಗಲದ ಕಾಗದ. ಭೂತಗನ್ನಡಿ ಹಿಡಿದರೆ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದು ಅಂತ ಅವನೇ ಪಕ್ಕದಲ್ಲಿ ಬರೆದಿಟ್ಟಿದ್ದ. ನಾನು ಕಿಟಕಿ ಮುಂದೆ ನಿಂತು ಎಣಿಸೋಕೆ ಶುರುಮಾಡಿದೆ. ಹಿಂದೆ ಜನ ಕಾಯುತ್ತಿದ್ದರು, ಅರವತ್ತಕ್ಕೆ ನಿಲ್ಲಿಸಿ ಸರಿದೆ. ತಂಗಿ ಅದೇ ಕಿಟಕಿಯನ್ನು ಮೊಬೈಲ್‌ನಲ್ಲಿ ತೆಗೆದಳು.

ಮಧ್ಯಾಹ್ನ ಬ್ರಾಡ್‌ಫರ್ಡ್ ಆನ್ ಏವನ್. ಏವನ್ ನದಿ ಮೇಲಿನ ಊರು. ಇಲ್ಲಿಯ ಕಣಜಕ್ಕೋಸ್ಕರವೇ ನಾನು ಇಷ್ಟು ದೂರ ಬಂದಿದ್ದು ಅಂದರೂ ತಪ್ಪಿಲ್ಲ.

ಟೈದ್ ಬಾರ್ನ್ ಅಂತ ಕರೆಯುತ್ತಾರೆ. ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿಯಿಂದ ಬಂದ ಹೆಸರು. ಆದರೆ ಇದು ಮುಖ್ಯವಾಗಿ ಶಾಫ್ಟ್ಸ್‌ಬರಿ ಮಠದ ಸನ್ಯಾಸಿನಿಯರ ಸ್ವಂತ ಜಮೀನಿನ ಫಸಲಿಗೆ ಕಟ್ಟಿದ ಕಣಜ. 14ನೇ ಶತಮಾನದ್ದು. ಉದ್ದ 168 ಅಡಿ. ಒಳಗೆ ಹೋಗುವುದಕ್ಕೆ ಟಿಕೆಟ್ ಇಲ್ಲ. ದೊಡ್ಡ ಬಾಗಿಲು ದಾಟಿ ಒಳಗೆ ಕಾಲಿಟ್ಟೆ. ಹೊರಗಿನ ಬಿಸಿಲಿನಿಂದ ಬಂದಿದ್ದರಿಂದ ಒಂದು ನಿಮಿಷ ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ತಲೆಯೆತ್ತಿದೆ. ಓಕ್ ಮರದ ಬಾಗಿದ ತೊಲೆಗಳು ಎರಡೂ ಗೋಡೆಯಿಂದ ಎದ್ದು ಮೇಲೆ ಕೂಡಿಕೊಂಡಿವೆ. ಒಂದರ ಹಿಂದೆ ಒಂದು, ಸಾಲಾಗಿ. ದೋಣಿಯನ್ನು ಬೋರಲು ಹಾಕಿ ಕೆಳಗೆ ನಿಂತ ಹಾಗೆ. ಮೇಲೆ ಹೊದಿಸಿರುವುದು ಮಣ್ಣಿನ ಹೆಂಚಲ್ಲ, ಕಲ್ಲಿನ ಬಿಲ್ಲೆ. ಅಂದಾಜು 100 ಟನ್ ತೂಕವಂತೆ. ಅಷ್ಟು ಭಾರವನ್ನು ಆ ಮರಗಳು ಏಳುನೂರು ವರ್ಷದಿಂದ ಹೊತ್ತಿವೆ.

ಬಾಗಿಲುಗಳು ಎದುರುಬದುರಾಗಿವೆ. ಯಾಕೆ ಅಂತ ತಂಗಿ ಕೇಳಿದಳು. ನನಗೆ ಬೋರ್ಡ್ ಓದುವುದೇ ಬೇಕಾಗಲಿಲ್ಲ. ಎರಡು ಬಾಗಿಲ ನಡುವಿನ ಜಾಗ ಕಣ. ಅಲ್ಲೇ ಬಡಿದು, ಅಲ್ಲೇ ತೂರುತ್ತಿದ್ದರು. ಬಾಗಿಲು ತೆಗೆದರೆ ಗಾಳಿ ಅಡ್ಡ ಹಾಯುತ್ತದೆ, ಹೊಟ್ಟು ಹಾರಿಹೋಗಿ ಕಾಳು ಕೆಳಗೆ ಉಳಿಯುತ್ತದೆ. ನಮ್ಮಲ್ಲಿ ಬಯಲಲ್ಲಿ ಕಣ ಮಾಡಿ ಗಾಳಿಗೆ ಕಾಯುತ್ತೇವೆ. ಮಳೆ ನಂಬುವಂತಿಲ್ಲದ ಈ ದೇಶದಲ್ಲಿ ಕಣಕ್ಕೇ ಸೂರು ಕಟ್ಟಿದ್ದಾರೆ. ಅಷ್ಟೇ ವ್ಯತ್ಯಾಸ.

ಹಾಗೇ ಗೋಡೆ ಮುಟ್ಟುತ್ತಾ ಹೋದೆ. ಒಂದು ಕಡೆ ಕಲ್ಲಿನ ಮೇಲೆ ಕೈವಾರದಿಂದ ಗೀರಿದ ಚಿಕ್ಕ ವೃತ್ತ, ಅದರೊಳಗೆ ಆರು ಎಸಳಿನ ಹೂವು. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ. ಬೆಳೆಗೆ ಕೆಟ್ಟದ್ದು ತಟ್ಟದಿರಲಿ ಅಂತ ಹಾಕುತ್ತಿದ್ದ ಗುರುತು ಎನ್ನುತ್ತಾರೆ. ನನಗೆ ರಾಶಿ ಪೂಜೆ ನೆನಪಾಯಿತು. ರಾಗಿ ರಾಶಿಯ ನೆತ್ತಿ ಮೇಲೆ ಸಗಣಿ ಬೆನಕನನ್ನು ಇಟ್ಟು ಗರಿಕೆ ಸಿಕ್ಕಿಸಿದ ಮೇಲೇ ಅಜ್ಜಿ ಅಳೆಯಲು ಬಿಡುತ್ತಿದ್ದದ್ದು. ಆ ಎಸಳುಗಳ ಮೇಲೆ ಬೆರಳಾಡಿಸಬೇಕು ಅನ್ನಿಸಿತು. ಆಡಿಸಲಿಲ್ಲ. ಎಲ್ಲರೂ ಮುಟ್ಟಿದರೆ ಅಳಿಸಿಹೋಗುತ್ತದೆ ಅಲ್ವಾ.

ಊರೊಳಗೆ ಸೇಂಟ್ ಲಾರೆನ್ಸ್ ಎಂಬ ಪುಟ್ಟ ಸ್ಯಾಕ್ಸನ್ ಚರ್ಚ್ ಇದೆ. ಸಾವಿರ ವರ್ಷದ ಹತ್ತಿರದ್ದು. ಅಗಲ ಕಡಿಮೆ, ಎತ್ತರ ಜಾಸ್ತಿ, ಕಲ್ಲಿನ ಪೆಟ್ಟಿಗೆ ನಿಲ್ಲಿಸಿದ ಹಾಗಿದೆ. ಇದರದ್ದು ವಿಚಿತ್ರ ಕಥೆ. ಕಾಲ ಕಳೆದ ಹಾಗೆ ಇದು ಚರ್ಚ್ ಅನ್ನುವುದೇ ಊರಿಗೆ ಮರೆತುಹೋಗಿತ್ತು. ಸುತ್ತ ಕಟ್ಟಡ ಎದ್ದು, ಒಳಗೆ ಶಾಲೆ, ವಾಸದ ಮನೆ ಎಲ್ಲಾ ನಡೆದಿತ್ತು. 1850ರ ದಶಕದಲ್ಲಿ ಊರಿನ ಪಾದ್ರಿ ವಿಲಿಯಂ ಜೋನ್ಸ್ ಗುರುತು ಹಿಡಿದರು. ಕಮಾನಿನ ಮೇಲೆ ಎರಡು ದೇವದೂತರ ಕೆತ್ತನೆ ಸಿಕ್ಕಿತ್ತು. ಈಗಲೂ ಅಲ್ಲೇ ಇವೆ, ಅಡ್ಡಡ್ಡ ತೇಲುತ್ತಿರುವ ಹಾಗೆ. ಮನೆಯಾಗಿ, ಶಾಲೆಯಾಗಿ ಬಳಸಿದ್ದಕ್ಕೇ ಆ ಕಟ್ಟಡ ಉಳಿಯಿತು ಅಂತ ನನ್ನ ಅಭಿಪ್ರಾಯ. ಜನ ಇದ್ದ ಕಡೆ ಸೂರು ಸೋರಿದರೆ ಯಾರಾದರೂ ಏಣಿ ಹಾಕುತ್ತಾರೆ.

ಮಂಗಳವಾರ: ಏವ್‌ಬರಿ

ಸ್ಟೋನ್‌ಹೆಂಜ್ ಹೆಸರು ಎಲ್ಲರೂ ಕೇಳಿರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಕಲ್ಲುಗಳನ್ನು ದೂರದಿಂದ ಸುತ್ತಿ ನೋಡಬೇಕು. ಏವ್‌ಬರಿಯಲ್ಲಿ ಕಲ್ಲುಗಳ ನಡುವೆಯೇ ಓಡಾಡಬಹುದು. ಕುರಿಗಳೂ ಓಡಾಡುತ್ತವೆ. ಸ್ವಿಂಡನ್‌ನಿಂದ ಅರ್ಧ ಗಂಟೆಯೂ ಇಲ್ಲ. ದಾರಿಯಲ್ಲಿ ಸೋನೆಮಳೆ ಹಿಡಿಯಿತು, ದಿನವಿಡೀ ಬಿಡಲಿಲ್ಲ.

ನಾಲ್ಕೂವರೆ ಸಾವಿರ ವರ್ಷದ ಹಿಂದಿನ ದೊಡ್ಡ ಕಲ್ಲಿನ ವೃತ್ತ. ಸುತ್ತ ಆಳದ ಕಂದಕ, ಎತ್ತರದ ಮಣ್ಣಿನ ದಿಣ್ಣೆ. ಹೊರ ವೃತ್ತದಲ್ಲಿ ಮೊದಲು ಸುಮಾರು 100 ಕಲ್ಲುಗಳಿದ್ದವು. ಎಷ್ಟು ವಿಶಾಲ ಅಂದರೆ ವೃತ್ತದ ಒಳಗೇ ಒಂದು ಹಳ್ಳಿ ಇದೆ, ನಡುವೆ ಟಾರು ರಸ್ತೆ ಹೋಗುತ್ತದೆ, ಬಸ್ಸು ಬರುತ್ತದೆ.

ಆ ಹಳ್ಳಿಯ ಗೋಡೆಗಳೇ ಒಂದು ಕಥೆ. 17, 18ನೇ ಶತಮಾನದಲ್ಲಿ ಜನ ಈ ಕಲ್ಲುಗಳನ್ನು ಒಡೆದು ಮನೆ ಕಟ್ಟಿಕೊಂಡರು. ಗುಂಡಿ ತೋಡಿ ಕಲ್ಲನ್ನು ಉರುಳಿಸಿ, ಹುಲ್ಲಿನ ಬೆಂಕಿ ಹಾಕಿ ಚೆನ್ನಾಗಿ ಕಾಯಿಸಿ, ಗೆರೆ ಎಳೆದ ಹಾಗೆ ತಣ್ಣೀರು ಸುರಿದು, ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ವಿಲಿಯಂ ಸ್ಟೂಕ್ಲಿ ಎಂಬ ವಿದ್ವಾಂಸ 1720ರ ದಶಕದಲ್ಲಿ ಇಲ್ಲಿಗೆ ಬರುತ್ತಿದ್ದು, ಹಾಳಾಗುತ್ತಿರುವುದನ್ನು ಸಂಕಟದಿಂದ ಬರೆದಿಟ್ಟ. ನಮ್ಮ ಕಡೆಯೂ ಬಂಡೆ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಾರೆ. ಹಾಗಾಗಿ ಒಡೆದವರ ಮೇಲೆ ನನಗೆ ಪೂರ್ತಿ ಸಿಟ್ಟು ಬರಲಿಲ್ಲ. ಮನೆ ಬೇಕಿತ್ತು, ಕಲ್ಲು ಎದುರಿಗಿತ್ತು. ಆದರೂ ಮಳೆಯಲ್ಲಿ ಖಾಲಿ ಜಾಗಗಳ ಮುಂದೆ ನಿಂತಾಗ ನೋವಾಯಿತು. 1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಹೂತುಹೋಗಿದ್ದ ಕಲ್ಲುಗಳನ್ನು ಅಗೆಸಿ ಮತ್ತೆ ನಿಲ್ಲಿಸಿದ. ಅವನ ಮನೆಯವರದ್ದು ಮಾರ್ಮಲೇಡ್ ವ್ಯಾಪಾರ, ಆ ದುಡ್ಡು ಇಲ್ಲಿಗೆ ಹರಿಯಿತು. ಕಲ್ಲೇ ಇಲ್ಲದ ಕಡೆ ಚಿಕ್ಕ ಕಾಂಕ್ರೀಟ್ ಗುರುತು ನೆಟ್ಟ. ಹೊಸ ಕಲ್ಲು ತಂದು ಹಳೇದು ಅಂತ ನಿಲ್ಲಿಸಲಿಲ್ಲ. ಅದು ನನಗೆ ಬಹಳ ಹಿಡಿಸಿತು.

1938ರಲ್ಲಿ ಒಂದು ಕಲ್ಲಿನ ಕೆಳಗೆ ಅಸ್ಥಿಪಂಜರ ಸಿಕ್ಕಿತು. ಜೊತೆಗೆ ಕತ್ತರಿ, 14ನೇ ಶತಮಾನದ ಆರಂಭದ ನಾಣ್ಯ. ಕ್ಷೌರವನ್ನೂ ವೈದ್ಯವನ್ನೂ ಮಾಡುತ್ತಿದ್ದ ಊರೂರು ತಿರುಗುವವನಿರಬೇಕು ಅಂತ ಆ ಕಲ್ಲಿಗೆ ಅವನ ಕಸುಬಿನ ಹೆಸರೇ ನಿಂತಿದೆ.

ಒದ್ದೆಯಾಗಿ ವಾಪಸ್ ಬಂದು ತಂಗಿ ಮಾಡಿದ ಮೆಣಸಿನ ಸಾರು ಕುಡಿದು ಮಲಗಿದೆವು.

ಬುಧವಾರ: ಸಾಲ್ಸ್‌ಬರಿ

ಸಾಲ್ಸ್‌ಬರಿ ಊರೇ, ಹಳ್ಳಿ ಅಲ್ಲ. ಆದರೆ ಅದರ ಕ್ಯಾಥೆಡ್ರಲ್ (ಬಿಷಪ್‌ರ ಮುಖ್ಯ ಚರ್ಚ್) ಗೋಪುರ ನದಿಯಾಚೆಯ ಹುಲ್ಲುಗಾವಲಿನಿಂದ ನೋಡುವಂಥದ್ದು. ಅಲ್ಲೇ ಕಾರು ನಿಲ್ಲಿಸಿ ಗದ್ದೆ ಬದುವಿನಂಥ ಕಾಲುದಾರಿಯಲ್ಲಿ ನಡೆದು ಹೋದೆವು.

1220ರಲ್ಲಿ ಅಡಿಪಾಯ, 1258ರಲ್ಲಿ ಪ್ರತಿಷ್ಠೆ. ಮುಖ್ಯ ಕಟ್ಟಡ 38 ವರ್ಷದಲ್ಲಿ ಮುಗಿಯಿತು. ಆ ಕಾಲಕ್ಕೆ ಬಹಳ ಬೇಗ. ಅದಕ್ಕೇ ಇಡೀ ಕಟ್ಟಡ ಒಂದೇ ಕೈಯಲ್ಲಿ ಆದ ಹಾಗೆ ಕಾಣುತ್ತದೆ. ಈಗಿರುವ ಗೋಪುರ ಮೊದಲ ಲೆಕ್ಕದಲ್ಲಿ ಇರಲೇ ಇಲ್ಲ. ಮುಂದಿನ ತಲೆಮಾರಿನವರು ಏರಿಸಿದರು. 123 ಮೀಟರ್, ಬ್ರಿಟನ್ನಿನಲ್ಲೇ ಅತಿ ಎತ್ತರದ ಚರ್ಚ್ ಗೋಪುರ. ಇದರಿಂದ ಕೆಳಗಿನ ಕಂಬಗಳ ಮೇಲೆ ಸುಮಾರು 6,500 ಟನ್ ಹೆಚ್ಚು ಭಾರ ಬಿತ್ತು. ಅಡಿಪಾಯವೋ, ಸುಮಾರು ನಾಲ್ಕೇ ಅಡಿ. ಕೆಳಗೆ ಜಲ್ಲಿ, ಅದರಲ್ಲಿ ನೀರು. ಅಜ್ಜ ಇದ್ದಿದ್ದರೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು.

ನಡುವಿನ ನಾಲ್ಕು ಕಂಬಗಳ ಹತ್ತಿರ ಹೋಗಿ ಬುಡದಿಂದ ಮೇಲಕ್ಕೆ ಕಣ್ಣು ಹಾಯಿಸಿ. ಕಂಬ ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ನಾನು ಮೊದಲು ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ. ಕಲ್ಲು ಬಾಗುತ್ತದೆ ಅನ್ನುವುದನ್ನು ಈ ಜನ್ಮದಲ್ಲಿ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಹಳೇ ಮೇಸ್ತ್ರಿಗಳು ಹೆದರಿ ಓಡಲಿಲ್ಲ. ಅಡ್ಡ ಕಮಾನು ಹಾಕಿದರು, ಒಳಗೆ ಕಬ್ಬಿಣದ ಪಟ್ಟಿ ಬಿಗಿದರು. ನಿಂತಿತು.

ನೆಲದ ಮೇಲೆ ಒಂದು ಚಿಕ್ಕ ಹಿತ್ತಾಳೆ ತಗಡು ಇದೆ. ಗೋಪುರ ಎಷ್ಟು ವಾಲಿದೆ ಅಂತ ತೋರಿಸುವ ಗುರುತು. ಎಲ್ಲರೂ ಅದನ್ನು ತುಳಿದುಕೊಂಡೇ ಹೋಗುತ್ತಾರೆ. 1668ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಗೋಪುರದ ತುದಿಯಿಂದ ಲಂಬ ಹಿಡಿದು ನೋಡಿದಾಗ ಅದು ಸುಮಾರು 75 ಸೆಂಟಿಮೀಟರ್ ವಾಲಿತ್ತು. ಆಮೇಲೆ ಅಳೆದವರಿಗೆಲ್ಲ ಹೆಚ್ಚೇನೂ ವಾಲಿದ್ದು ಕಾಣಲಿಲ್ಲ. ಅಜ್ಜನ ಹತ್ತಿರ ಒಂದು ತೂಗುಗುಂಡು ಇತ್ತು, ಹಿತ್ತಾಳೆಯದು. ದಾರ ಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಗುಂಡು ಅಲ್ಲಾಡುವುದು ನಿಲ್ಲುವ ತನಕ ಯಾರೂ ಮಾತಾಡುವಂತಿರಲಿಲ್ಲ. ಆ ತಗಡಿನ ಪಕ್ಕ ಕೂತೆ. ನಾನೂ ಮಾತಾಡಲಿಲ್ಲ.

"ಅಕ್ಕ, ಗೋಪುರ ಹತ್ತೋಣ್ವಾ?" ಅಂದಳು ತಂಗಿ. 332 ಮೆಟ್ಟಿಲು. ಮಾರ್ಗದರ್ಶಿ ಜೊತೆಗೇ ಹೋಗಬೇಕು, ಮೊದಲೇ ಬುಕ್ ಮಾಡಿರಬೇಕು. ಮಂಡಿನೋವು ಇರುವವರು ಯೋಚಿಸಿ. ನಾನು ಹತ್ತಿದೆ, ಎರಡು ದಿನ ಅನುಭವಿಸಿದೆ. ಆದರೂ ಬಿಡಬೇಡಿ ಅಂತಲೇ ಹೇಳುತ್ತೇನೆ. ಮೇಲೆ ನಿಂತು ಗೋಪುರದ ಒಳಗೆ ತಲೆಯೆತ್ತಿದರೆ, ಕಟ್ಟುವಾಗ ಹಾಕಿದ ಮರದ ಅಟ್ಟಣಿಗೆ ಇನ್ನೂ ಅಲ್ಲೇ ಇದೆ. ಗೂಟ, ತೊಲೆ, ಅಡ್ಡಮರ ಒಂದರೊಳಗೊಂದು ಹೆಣೆದುಕೊಂಡು ಕತ್ತಲಲ್ಲಿ ಮೇಲೆ ಮೇಲೆ ಹೋಗುತ್ತವೆ.

ಇಲ್ಲಿ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಒಪ್ಪಂದ ಮ್ಯಾಗ್ನಾ ಕಾರ್ಟಾದ ಉಳಿದ ನಾಲ್ಕು ಪ್ರತಿಗಳಲ್ಲಿ ಒಂದಿದೆ. 1386ರದ್ದು ಎನ್ನುವ ಗಡಿಯಾರವೂ ಇದೆ. ಅದಕ್ಕೆ ಮುಖವೇ ಇಲ್ಲ, ಮುಳ್ಳಿಲ್ಲ, ಗಂಟೆ ಹೊಡೆಯುವುದಷ್ಟೇ ಕೆಲಸ. ನೋಡಿದೆವು. ಆದರೆ ನನ್ನ ಮನಸ್ಸು ಇದ್ದದ್ದು ಕ್ಯಾಥೆಡ್ರಲ್‌ನ ಕಲ್ಲುಕುಟಿಗರ ಮೇಲೆ. ಇಲ್ಲಿಗೆ ಇಂದಿಗೂ ಸ್ವಂತ ಕಲ್ಲುಕುಟಿಗರಿದ್ದಾರೆ, ಸ್ವಂತ ಅಂಗಳವಿದೆ. ಹತ್ತಿರದ ಚಿಕ್ಸ್‌ಗ್ರೋವ್ ಗಣಿಯಿಂದ ಕಲ್ಲು ಬರುತ್ತದೆ. 1980ರ ದಶಕದ ಮಧ್ಯದಲ್ಲಿ ಹಿಡಿದ ರಿಪೇರಿ ಮೂವತ್ತೈದು ವರ್ಷಕ್ಕೂ ಹೆಚ್ಚು ನಡೆಯಿತು. ಸವೆದ ಕಲ್ಲನ್ನಷ್ಟೇ ಬಿಡಿಸಿ ಅದೇ ಅಳತೆಗೆ ಹೊಸದನ್ನು ಕೂರಿಸುತ್ತಾರೆ. ಹೊರಗೋಡೆಯಲ್ಲಿ ಬೂದು ಕಲ್ಲುಗಳ ನಡುವೆ ಅಲ್ಲಲ್ಲಿ ಬೆಣ್ಣೆ ಬಣ್ಣದ ಕಲ್ಲು ಕಾಣುತ್ತದೆ. ಮಗುವಿಗೆ ಹೊಸ ಹಲ್ಲು ಬಂದ ಹಾಗೆ.

ಗುರುವಾರ: ಬರ್ಫರ್ಡ್, ಕೆಲ್ಮ್‌ಸ್ಕಾಟ್, ಗ್ರೇಟ್ ಕಾಕ್ಸ್‌ವೆಲ್

ಈ ದಿನ ಒಬ್ಬ ಮನುಷ್ಯನ ಹಿಂದೆ ಹೋದೆವು, ವಿಲಿಯಂ ಮಾರಿಸ್. ಬಟ್ಟೆ, ಗೋಡೆ ಕಾಗದದ ವಿನ್ಯಾಸ ಮಾಡುತ್ತಿದ್ದವನು, ಕವಿ, ಸಮಾಜವಾದಿ.

ಬರ್ಫರ್ಡ್ ಚರ್ಚಿನಲ್ಲಿ ಮೊದಲು ನೋಡಬೇಕಾದ್ದು ದೀಕ್ಷಾಸ್ನಾನದ ತೊಟ್ಟಿ. ಅದರ ಅಂಚಿನ ಸೀಸದ ಮೇಲೆ ಆಂಟನಿ ಸೆಡ್ಲಿ, 1649, ಕೈದಿ ಅಂತ ಗೀಚಿದ ಅಕ್ಷರಗಳಿವೆ. ಲೆವೆಲರ್ಸ್ ಎಂಬ ಸೈನಿಕರು ತಮ್ಮ ಸೇನಾ ನಾಯಕ ಕ್ರಾಮ್‌ವೆಲ್ ವಿರುದ್ಧ ತಿರುಗಿ ನಿಂತಾಗ, ಸುಮಾರು 340 ಜನರನ್ನು ಹಿಡಿದು ಈ ಚರ್ಚಿನಲ್ಲೇ ಕೂಡಿಹಾಕಿದ್ದರು. 1649ರ ಮೇ 17ರಂದು ಮೂವರನ್ನು ಅಂಗಳದಲ್ಲಿ ಗುಂಡಿಟ್ಟು ಕೊಂದರು. ನಾಳೆ ತನ್ನ ಸರದಿಯೋ ಏನೋ ಅಂತ ಗೊತ್ತಿಲ್ಲದ ಒಬ್ಬ ಕೂತು ತನ್ನ ಹೆಸರು ಕೆತ್ತಿದ್ದಾನೆ. ಅಕ್ಷರ ಸೊಟ್ಟವಾಗಿವೆ. ಆದರೆ ಆಳವಾಗಿವೆ.

1876ರಲ್ಲಿ ಮಾರಿಸ್ ಇಲ್ಲಿಗೆ ಬಂದಾಗ ಚರ್ಚನ್ನು "ಹೊಸದು" ಮಾಡುತ್ತಿದ್ದರು. ಹಳೇ ಗಾರೆ ಕೆರೆದು, ತಮಗೆ ಚಂದ ಕಂಡ ಹಾಗೆ ತಿದ್ದುವುದು ಆಗಿನ ಚಾಳಿ. ಅವನಿಗೆ ತಡೆಯಲಾಗಲಿಲ್ಲ. ಮುಂದಿನ ವರ್ಷ, 1877ರಲ್ಲಿ, ಹಳೇ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ. ಅದು ಇವತ್ತಿಗೂ ಇದೆ. ಅವರ ವಾದ ಸರಳ. ಹಳೇದನ್ನು ಕೆರೆದು ಹೊಸದಾಗಿಸಬೇಡಿ. ದಿನದಿನ ನೋಡಿಕೊಳ್ಳಿ. ಗೋಡೆ ವಾಲಿದರೆ ಆನಿಸಿ, ಸೂರು ಸೋರಿದರೆ ಮುಚ್ಚಿ. ಹೊಸದಾಗಿ ಸೇರಿಸಿದ್ದು ಹೊಸದಾಗಿಯೇ ಕಾಣಲಿ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ ಅಂತ ಅಜ್ಜ ಪ್ರತಿ ವರ್ಷ ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದರು. ಅವರು ಮಾರಿಸ್ ಹೆಸರು ಕೇಳಿದವರಲ್ಲ.

ಕೆಲ್ಮ್‌ಸ್ಕಾಟ್ ಮ್ಯಾನರ್ ಥೇಮ್ಸ್ ನದಿ ಪಕ್ಕದ ಮನೆ. ಥೇಮ್ಸ್ ಇಲ್ಲಿ ಇನ್ನೂ ಚಿಕ್ಕ ಹೊಳೆ. ಮಾರಿಸ್ 1871ರಿಂದ ಬಾಡಿಗೆಗೆ ಇದ್ದ. ತೋಟದಲ್ಲಿ ಹಕ್ಕಿಗಳು ಸ್ಟ್ರಾಬೆರಿ ಕದಿಯುವುದನ್ನು ನೋಡಿ ಮಾಡಿದ ಬಟ್ಟೆಯ ವಿನ್ಯಾಸ ಇವತ್ತಿಗೂ ಪರದೆ, ದಿಂಬಿನ ಮೇಲೆ ಬರುತ್ತದೆ. ನನಗೆ ಇಷ್ಟವಾಗಿದ್ದು ಮನೆಯ ಛಾವಣಿ. ಕೆಳಗಿನ ಅಂಚಿನಲ್ಲಿ ದೊಡ್ಡ ಕಲ್ಲುಬಿಲ್ಲೆ, ಮೇಲೆ ಹೋದಂತೆ ಚಿಕ್ಕದು, ಶಿಖರದಲ್ಲಿ ಅಂಗೈಯಷ್ಟು. ಮೀನಿನ ಪೊರೆಯ ಹಾಗೆ. ಈ ಮನೆ ವಾರದಲ್ಲಿ ಕೆಲವೇ ದಿನ ತೆರೆದಿರುತ್ತದೆ, ನೋಡಿಕೊಂಡು ಹೋಗಿ. 1896ರಲ್ಲಿ ತೀರಿಕೊಂಡ ಮಾರಿಸ್‌ನ ಸಮಾಧಿ ಊರಿನ ಚರ್ಚ್ ಅಂಗಳದಲ್ಲಿದೆ. ಸಮಾಧಿ ಕಲ್ಲಿಗೂ ಮನೆಯ ಮಾಡಿನ ಆಕಾರ.

ಸಂಜೆ ಗ್ರೇಟ್ ಕಾಕ್ಸ್‌ವೆಲ್ ಕಣಜ. ಮಾರಿಸ್‌ಗೆ ಪ್ರಾಣ. ಮನೆಗೆ ಬಂದ ನೆಂಟರನ್ನು ಕರೆತಂದು ತೋರಿಸುತ್ತಿದ್ದ. 1290ರ ದಶಕದ್ದು, ಬ್ಯೂಲಿ ಮಠದ ಸನ್ಯಾಸಿಗಳು ಕಟ್ಟಿಸಿದ್ದು. ಉದ್ದ 152 ಅಡಿ. ಬ್ರಾಡ್‌ಫರ್ಡ್‌ನದ್ದಕ್ಕಿಂತ ತುಸು ಚಿಕ್ಕದು, ಆದರೆ ಇಲ್ಲಿ ಒಳಗೆ ಕಂಬಗಳಿವೆ. ಓಕ್ ಕಂಬಗಳು ನೇರ ನೆಲದ ಮೇಲೆ ನಿಂತಿಲ್ಲ. ನನಗಿಂತ ಎತ್ತರದ ಕಲ್ಲುಪೀಠದ ಮೇಲೆ ನಿಂತಿವೆ. ತೇವ ಮರಕ್ಕೆ ಏರಬಾರದಲ್ಲ. ಏಳು ಗಂಟೆಯಾದರೂ ಬಿಸಿಲಿತ್ತು. ನಾವಿಬ್ಬರೇ ಇದ್ದೆವು. ತಂಗಿ ಮೆಲ್ಲಗೆ ಒಂದು ಸೋಬಾನೆ ಪದ ಹೇಳಿದಳು, ಅಜ್ಜಿ ಕಲಿಸಿದ್ದು. ಮರದ ಮಾಡಿನಲ್ಲಿ ಸ್ವರ ತಿರುಗಿ ಬರುವ ರೀತಿಯೇ ಬೇರೆ.

ಶುಕ್ರವಾರ: ಸೆಝಿನ್‌ಕೋಟ್

ಮೋರ್ಟನ್ ಇನ್ ಮಾರ್ಷ್ ಹತ್ತಿರ, ಗ್ಲಾಸ್ಟರ್‌ಶೈರ್‌ನ ಗುಡ್ಡದಲ್ಲಿ ಒಂದು ಮೊಘಲ್ ಮನೆ ಇದೆ ಅಂದರೆ ನಂಬುವುದು ಕಷ್ಟ. ಮರಗಳ ನಡುವಿನ ದಾರಿ ಮುಗಿದಾಗ ತಾಮ್ರದ ಹಸಿರು ಗುಮ್ಮಟ ಕಾಣುತ್ತದೆ. ಅಗಲವಾದ ಕಲ್ಲಿನ ಛಜ್ಜ, ಮೂಲೆಗಳಲ್ಲಿ ಛತ್ರಿ ಎನ್ನುವ ಪುಟ್ಟ ಗುಮ್ಮಟದ ಮಂಟಪ, ನವಿಲುಗರಿಯಂಥ ಕಮಾನಿನ ಕಿಟಕಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿದ ಚಾರ್ಲ್ಸ್ ಕಾಕೆರೆಲ್‌ಗಾಗಿ ಅವನ ಅಣ್ಣ ಸ್ಯಾಮ್ಯುಯೆಲ್ ಪೀಪ್ಸ್ ಕಾಕೆರೆಲ್ 1805ರ ಸುಮಾರಿಗೆ ಕಟ್ಟಿಸಿದ. ಒಳಗೆ ಕಾಲಿಟ್ಟರೆ ಮಾತ್ರ ಎಲ್ಲಾ ಯುರೋಪಿನ ಶೈಲಿ. ಹೊರಗಷ್ಟೇ ಹಿಂದೂಸ್ತಾನ.

ತೋಟಕ್ಕೆ ಸಲಹೆ ಕೊಟ್ಟವನು ಚಿತ್ರಕಾರ ಥಾಮಸ್ ಡೇನಿಯಲ್. ಅವನೂ ಅವನ ಅಣ್ಣನ ಮಗ ವಿಲಿಯಂನೂ 1792ರಲ್ಲಿ ಮೈಸೂರು ಸೀಮೆಯನ್ನೂ ಸುತ್ತಿ ಚಿತ್ರ ಬರೆದುಕೊಂಡಿದ್ದರು. ಟಿಪ್ಪು ಜೊತೆ ಮೂರನೇ ಯುದ್ಧ ಆಗತಾನೇ ಮುಗಿದಿತ್ತು. ತೋಟದಲ್ಲಿ ಪುಟ್ಟ ಸೂರ್ಯ ಗುಡಿ, ಮುಂದೆ ಕೊಳ. ಸೇತುವೆಯ ಮೇಲೆ ಸಾಲಾಗಿ ಮಲಗಿದ ನಂದಿಗಳು. ಹಿಣಿಲು ಸರಿಯಾಗಿದೆ, ಗಂಗೆದೊಗಲೂ ಇದೆ. ನಂದಿ ಎದುರಿಗೆ ಲಿಂಗವಿಲ್ಲ ಅನ್ನುವುದೊಂದೇ. ಕೆಳಗೆ ಹಳ್ಳ ಹರಿಯುತ್ತದೆ, ಸುತ್ತ ಫರ್ನ್ ಗಿಡ, ಮಂಜಿನಂಥ ಸೋನೆ. ಮಲೆನಾಡಿನ ಯಾವುದೋ ಗುಡಿ ಹಿಂದೆ ನಿಂತ ಹಾಗಾಯಿತು.

ಆದರೂ ನನ್ನ ಮನಸ್ಸು ಇಲ್ಲಿ ಪೂರ್ತಿ ತೆರೆಯಲಿಲ್ಲ. ಕೆಲಸ ಅಚ್ಚುಕಟ್ಟು. ಆದರೆ ಕಟ್ಟಿದ ದುಡ್ಡು ಕಂಪನಿಯ ದುಡ್ಡು, ನಮ್ಮ ನೆಲದಿಂದ ಬಂದದ್ದು. ಅದನ್ನು ಮರೆತು ಚಂದವನ್ನಷ್ಟೇ ನೋಡುವುದು ನನ್ನಿಂದ ಆಗಲಿಲ್ಲ. "ಹೋಗೋಣ್ವಾ ಅಕ್ಕ?" ಅಂದಳು ತಂಗಿ. ಅವಳಿಗೂ ಹಾಗೇ ಅನ್ನಿಸಿರಬೇಕು. ನಂದಿಯ ಬೆನ್ನು ಸವರಿ ಹೊರಟೆ.

ಶನಿವಾರ: ಸ್ಟೋಕ್ ರೋ

ರಾತ್ರಿ ವಿಮಾನ. ಹೀಥ್ರೂಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿ ಆಕ್ಸ್‌ಫರ್ಡ್‌ಶೈರ್‌ನ ಸ್ಟೋಕ್ ರೋ ಹಳ್ಳಿಗೆ ಹೋದೆವು. ದಾರಿ ಎಷ್ಟು ಕಿರಿದು ಅಂದರೆ ಎದುರು ಟ್ರ್ಯಾಕ್ಟರ್ ಬಂದಾಗ ತಂಗಿ ಅರ್ಧ ಫರ್ಲಾಂಗ್ ಹಿಂದಕ್ಕೆ ಹೋಗಬೇಕಾಯಿತು.

ಇಲ್ಲೊಂದು ಬಾವಿ ಇದೆ. ಕಾಶಿ ಮಹಾರಾಜ ತೋಡಿಸಿದ್ದು.

ಎಡ್ವರ್ಡ್ ರೀಡ್ ಎಂಬ ಅಧಿಕಾರಿ ಉತ್ತರ ಭಾರತದಲ್ಲಿ ಕೆಲಸದಲ್ಲಿದ್ದ. 1831ರಲ್ಲಿ ಅಜಂಗಢದಲ್ಲಿ ಜನರಿಗೆ ಒಂದು ಬಾವಿ ತೋಡಿಸಲು ನೆರವಾಗಿದ್ದ. ಅವನು ಕಾಶಿಯ ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ ಸಿಂಗ್‌ಗೆ ತನ್ನ ಊರಿನ ಕಡೆಯ ಕಥೆ ಹೇಳಿದ್ದ. ಆ ಗುಡ್ಡದ ಮೇಲೆ ನೀರಿಲ್ಲ. ಮನೆಯಲ್ಲಿದ್ದ ಕೊನೆಯ ಗುಟುಕು ನೀರು ಕುಡಿದ ಅಂತ ಒಬ್ಬ ಹುಡುಗ ಏಟು ತಿಂದಿದ್ದ. ಮಹಾರಾಜ ಅದನ್ನು ಮನಸ್ಸಿನಲ್ಲಿಟ್ಟುಕೊಂಡ. ತಾನು ಎಂದೂ ಕಾಣದ ಆ ಊರಿಗೆ ಬಾವಿ ತೋಡಿಸಿದ. 1863ರಲ್ಲಿ ಅಗೆತ ಶುರು, 1864ರ ಮೇ 24ರಂದು ಬಳಕೆಗೆ ಬಿಟ್ಟರು. 368 ಅಡಿ ಆಳ, ನಾಲ್ಕೇ ಅಡಿ ಅಗಲ. ಪೂರ್ತಿ ಕೈಯಿಂದ ಅಗೆದದ್ದು. ಅಗಲ ನಾಲ್ಕು ಅಡಿ ಅಂದರೆ ಒಬ್ಬ ಮನುಷ್ಯ ಮೊಣಕೈ ಚಾಚಲು ಆಗುವಷ್ಟು ಜಾಗ. ಕತ್ತಲಲ್ಲಿ, ಸುಣ್ಣಕಲ್ಲಿನೊಳಗೆ, 368 ಅಡಿ ಇಳಿದವರ ಕೈಗಳನ್ನು ನೆನೆದು ನಾನು ಆ ಕಟ್ಟೆಗೆ ಕೈ ಮುಗಿದೆ. ಕಾಯುವವನಿಗೆ ಪಕ್ಕದಲ್ಲೇ ಪುಟ್ಟ ಗುಂಡನೆಯ ಮನೆ ಕಟ್ಟಿಸಿದರು. ಅವನ ಖರ್ಚಿಗೆ ಆಗಲಿ ಅಂತ ಚೆರ್ರಿ ತೋಪನ್ನೂ ಹಾಕಿಸಿದರು. ಬಾವಿ ತೋಡಿಸಿದರೆ ಸಾಲದು, ನೋಡಿಕೊಳ್ಳುವವನ ಹೊಟ್ಟೆಗೂ ದಾರಿ ಮಾಡಬೇಕು ಅಂತ ಯೋಚಿಸಿದ್ದಾರೆ.

ಮೇಲೆ ಚಿಕ್ಕ ಗುಮ್ಮಟ, ತೆಳು ಕಂಬಗಳು, ನಡುವೆ ರಾಟೆಯ ಯಂತ್ರ. ಅದರ ಮೇಲೆ ಚಿನ್ನದ ಬಣ್ಣದ ಆನೆ. ಆನೆಯ ಬಣ್ಣ ಹೊಳೆಯುತ್ತಿತ್ತು, ಕಬ್ಬಿಣಕ್ಕೆ ತುಕ್ಕಿಲ್ಲ, ಸುತ್ತ ಹುಲ್ಲು ಕತ್ತರಿಸಿತ್ತು. ಊರಲ್ಲಿ ನಲ್ಲಿ ಬಂದು ಎಷ್ಟೋ ಕಾಲವಾಗಿದೆ. ಆದರೂ ಯಾರೋ ಬಂದು ಬಣ್ಣ ಹಚ್ಚುತ್ತಾರೆ.

ತುಂಬಿದ ಕೊಡ ಮೇಲೆ ಬರಲು ಹತ್ತು ನಿಮಿಷ ಬೇಕಿತ್ತಂತೆ. "ಹತ್ತು ನಿಮಿಷ ಇಲ್ಲೇ ನಿಲ್ಲೋಣ" ಅಂದೆ. ತಂಗಿ ಮೊಬೈಲ್‌ನಲ್ಲಿ ಟೈಮರ್ ಹಾಕಿದಳು. ನಾನು ರಾಟೆಯ ಹಿಡಿಯ ಪಕ್ಕ ನಿಂತೆ. ಒಬ್ಬ ಹುಡುಗ ಸೈಕಲ್‌ನಲ್ಲಿ ಹೋದ. ಒಬ್ಬರು ನಾಯಿ ಹಿಡಿದುಕೊಂಡು ಹೋದರು, ತಿರುಗಿ ಬಂದರು. ಚೆರ್ರಿ ಮರದಲ್ಲಿ ಹಕ್ಕಿ ಜಗಳ ಮಾಡುತ್ತಿತ್ತು. ಕೈಯಲ್ಲಿ ಏನೂ ಇಲ್ಲದೆ ಬರೀ ನಿಂತರೂ ಹತ್ತು ನಿಮಿಷ ಉದ್ದವಾಗಿತ್ತು.

ಟೈಮರ್ ಹೊಡೆದುಕೊಂಡಿತು.

"ಬಂತು ಅಕ್ಕ, ಕೊಡ" ಅಂದಳು ತಂಗಿ.